ಹನ್ನೊಂದು ಸೆಕೆಂಡಿನ ಮೌನ

ಗುರುವಾರ ಬೆಳಿಗ್ಗೆ ಬಾನೂಬೆನ್ ಇರಾನಿ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದಾಗ ಸಾವಿತ್ರಿ ರೊಟ್ಟಿ ಬಡಿಯುತ್ತಿದ್ದಳು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಆ ಸೊಸೈಟಿಯಲ್ಲಿ ಲಿಫ್ಟು ಕೆಟ್ಟು ನಾಲ್ಕು ದಿನವಾಗಿತ್ತು. ಸೆಕ್ರೆಟರಿಯನ್ನು ಹೇಗೆ ಬೈಯಬೇಕೆಂದು ಸಾವಿತ್ರಿ ಬೆಳಗಿನಿಂದ ಮಾತು ಜೋಡಿಸಿಕೊಳ್ಳುತ್ತಿದ್ದಳು. ಬಾನೂಬೆನ್ನಿನ ಮುಖ ನೋಡಿದ ಕೂಡಲೇ ಅದೆಲ್ಲ ಮರೆತುಹೋಯಿತು.

“ನೀರು ಕೊಡು ಬೇನ್. ಆಮೇಲೆ ನಾನು ಏನು ಕೇಳಿದರೂ ಹೂಂ ಅನ್ನು.”

“ಮೊದಲು ಏನಂತ ಹೇಳ್ರಿ.”

“ನಸ್ರೀನ್ ಆಸ್ಪತ್ರೆ ಸೇರಿದ್ದಾಳೆ. ರಾತ್ರಿಯಿಂದ ಸುಡುವ ಜ್ವರ. ಗಂಟಲಿನಿಂದ ಗಾಳಿ ಬಿಟ್ಟರೆ ಬೇರೇನೂ ಬರುತ್ತಿಲ್ಲ.”

ಬಾನೂಬೆನ್ನಿನ ಅಪ್ಪ ಅಮ್ಮ ಇರಾನಿನ ಯಜ್ದ್ ಊರಿನಿಂದ ಬಂದು ವಡೋದರಾದಲ್ಲಿ ಬೇಕರಿ ಇಟ್ಟವರು. ಆಕೆಯ ಮನೆಮಾತು ಇನ್ನೂ ಪಾರಸಿಯೇ. ಹೋದ ಡಿಸೆಂಬರಿನಲ್ಲಿ ಅಲ್ಲಿಯ ಬಾಮ್ ಎಂಬ ಊರು ಭೂಕಂಪದಲ್ಲಿ ನೆಲಸಮವಾದಾಗ ಅವಳಿಗೆ ಸುಮ್ಮನೆ ಕೂರಲಾಗಲಿಲ್ಲ. ಗುಜರಾತಿನವರಿಗೂ ಆಗಲಿಲ್ಲ, ಮೂರು ವರ್ಷದ ಹಿಂದೆ ಇಲ್ಲಿಯೂ ನೆಲ ನಡುಗಿ ಮನೆ ಬಿದ್ದಿದ್ದವು, ಆಗ ಎಲ್ಲಿಂದಲೋ ಕಂಬಳಿ ಬಂದಿದ್ದವು. ಹಾಗಾಗಿ ಬಾಮ್‌ಗಾಗಿ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಸಂಗೀತ ಕಾರ್ಯಕ್ರಮ ಮಾಡುವುದೆಂದು ಓಡಾಡಿ, ಇರಾನಿನ ಮಾಹ್‌ರುಖ್ ಖಾನುಮ್, ಅಂದರೆ ಮಾಹ್‌ರುಖ್ ಅಮ್ಮಾವ್ರು, ಎಂಬ ಗಾಯಕಿಯನ್ನು ಕರೆಸಿದ್ದಳು. ಬುಧವಾರ ಅಹಮದಾಬಾದಿನ ಕಾರ್ಯಕ್ರಮ ಆಗಿತ್ತು. ಸಾವಿತ್ರಿ ಗಂಡನ ಜೊತೆ ಹೋಗಿ ಐದನೇ ಸಾಲಿನಲ್ಲಿ ಕೂತು ಕೇಳಿದ್ದಳು. ವೇದಿಕೆಯ ಮೇಲೆ ಮಾಹ್‌ರುಖ್ ಮತ್ತು ಅವಳ ಚಿಕ್ಕಪ್ಪನ ಮಗಳು ನಸ್ರೀನ್, ಇಬ್ಬರೂ ಶುರುವಿನಿಂದ ಕೊನೆಯವರೆಗೆ ಒಟ್ಟಿಗೇ ಹಾಡಿದ್ದರು. ಸಾವಿತ್ರಿಗೆ ಅದೇ ಹಿಡಿಸಿರಲಿಲ್ಲ. ದೊಡ್ಡವಳ ದನಿ ಚಿನ್ನ, ಸಣ್ಣವಳದ್ದು ತಗಡು. ಆ ತಗಡು ಒಂದು ಗಳಿಗೆಯೂ ಸುಮ್ಮನಾಗದೆ ಚಿನ್ನದ ಮೇಲೆ ಉಜ್ಜುತ್ತಲೇ ಇತ್ತು.

“ಅಕಿ ಇಲ್ಲದಿದ್ರ ಇನ್ನೂ ಚಲೋ ಆತಲ್ಲ! ದೊಡ್ಡಾಕಿ ಒಬ್ಬಾಕಿನೇ ಹಾಡಲಿ.”

“ಅರೆ ಬೇನ್, ಒಬ್ಬಳೇ ಹಾಡುವ ಹಾಗಿದ್ದರೆ ನಾನೇಕೆ ನಿನ್ನ ಮೂರು ಮಹಡಿ ಹತ್ತುತ್ತಿದ್ದೆ?” ಬಾನೂಬೆನ್ ನೀರು ಕುಡಿದು ಲೋಟ ಕುಕ್ಕಿದಳು. “ಅವಳ ದೇಶದಲ್ಲಿ ಗಂಡಸರ ಮುಂದೆ ಹೆಂಗಸು ಒಬ್ಬಳೇ ಹಾಡಬಾರದು. ಇನ್ನೊಂದು ಹೆಣ್ಣುದನಿ ಜೊತೆಗಿರಬೇಕು, ಎರಡೂ ಬೆರೆತಿರಬೇಕು. ಆ ಷರತ್ತಿನ ಮೇಲೆಯೇ ಹೊರಗೆ ಬಿಟ್ಟಿದ್ದಾರೆ. ಕ್ಯಾಮೆರಾ ಕೊಟ್ಟು ಒಬ್ಬನನ್ನು ಜೊತೆಗೂ ಕಳಿಸಿದ್ದಾರೆ.”

“ನಮ್ಮ ನೆಲದಾಗ ಅವರ ಕಾನೂನು ಏನ್ ಮಾಡತೈತಿ?”

“ನಮ್ಮ ನೆಲದಲ್ಲಿ ಏನೂ ಮಾಡಲ್ಲ. ಅವಳು ವಾಪಸ್ ಹೋಗಬೇಕಲ್ಲ, ಅಲ್ಲಿ ಮಾಡುತ್ತೆ. ಮನೆಯಲ್ಲಿ ಮೂವತ್ತು ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಹದಿನೆಂಟು ವರ್ಷ ಕದ್ದು ಹೇಳಿದಳು. ಆಮೇಲೆ ಎಷ್ಟೋ ಅಲೆದಾಡಿ ಒಂದು ಅನುಮತಿ ಕಾಗದ ಪಡೆದುಕೊಂಡಳು. ಇಲ್ಲಿ ಒಬ್ಬಳೇ ಹಾಡಿದಳು ಅಂತ ಟೇಪಿನಲ್ಲಿ ಬಂದರೆ ಆ ಕಾಗದ ಹೋಯಿತು. ಹುಡುಗಿಯರು ಹೋದರು, ಹಾಡು ಹೋಯಿತು, ಎಲ್ಲ ಹೋಯಿತು. ಭಾನುವಾರ ವಡೋದರಾ, ಮಂಗಳವಾರ ಸೂರತ್. ಮಣಿನಗರದ ನಿಮ್ಮ ಕನ್ನಡ ಸಂಘದಲ್ಲಿ ನೀನು ಹಾಡಿದ್ದು ಕೇಳಿದ್ದೇನೆ. ಇನ್ಯಾರ ಹತ್ತಿರ ಹೋಗಲಿ?”

ಒಳಗಿನಿಂದ ಟೈ ಕಟ್ಟುತ್ತ ಬಾಲಚಂದ್ರ ಹೊರಗೆ ಬಂದ. ಬ್ಯಾಂಕಿನ ಮ್ಯಾನೇಜರು. ಬಾನೂಬೆನ್ ಅವನ ಶಾಖೆಯ ಹಳೆಯ ಗಿರಾಕಿ.

“ನೀ ಹೋಗಬ್ಯಾಡ ಸಾವಿತ್ರಿ. ಬ್ಯಾರೆಯವರ ಬದುಕಿನ ವಿಷಯ ಐತಿ. ಒಂದು ತಪ್ಪಾದ್ರ ಜನ್ಮ ಪೂರ್ತಿ ನಿದ್ದಿ ಮಾಡಂಗಿಲ್ಲ ನೀನು.”

“ನಾ ಯಾಕ ತಪ್ಪತೀನಿ? ಹನ್ನೆರಡು ವರ್ಷ ನಮ್ಮ ಗುರು ಅನಸೂಯಬಾಯಿ ಹಿಂದ ಕೂತು ಸಾಥ್ ಕೊಟ್ಟಾಕಿ ನಾನು!”

ಅವನು ಬೇಡವೆಂದದ್ದಕ್ಕೇ ಅವಳು ಹೂಂ ಎಂದಳು. ಅವಳ ಸ್ವಭಾವವೇ ಹಾಗೆ. ರೊಟ್ಟಿ ಹಂಚಿನ ಮೇಲೆ ಸುಟ್ಟು ಕರಕಾದ ಮೇಲೆಯೇ ಅವಳಿಗೆ ಹೆದರಿಕೆ ಹುಟ್ಟಿದ್ದು.

ಮಧ್ಯಾಹ್ನದಿಂದಲೇ ಸಾವಿತ್ರಿಯ ಮನೆಯಲ್ಲಿ ತಾಲೀಮು ಶುರುವಾಯಿತು. ಮಾಹ್‌ರುಖ್‌ಗೆ ಐವತ್ತನಾಲ್ಕು ವರ್ಷ. ಎತ್ತರದ ಹೆಂಗಸು, ತಲೆಗೆ ಕಪ್ಪು ವಸ್ತ್ರ, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ತೊಡೆಯ ಮೇಲೆ ಸೆತಾರ್ ಎಂಬ ನಾಲ್ಕು ತಂತಿಯ ಸಣ್ಣ ವಾದ್ಯ. ಅದನ್ನು ತೋರುಬೆರಳಿನ ಉಗುರಿನಲ್ಲೇ ಮೀಟುತ್ತಿದ್ದಳು. ಸಾವಿತ್ರಿ ಮಗಳ ನೋಟ್‌ಬುಕ್ಕಿನಲ್ಲಿ ಪಾರಸಿ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು, ಮೇಲೆ ಸರಿಗಮ ಹಾಕಿಕೊಂಡಳು. ಆರು ಹಾಡು. ಪದ ಬಾಯಿಗೆ ಬಂದವು, ಸ್ವರ ಬರಲಿಲ್ಲ. ಅವರ ಗಾಂಧಾರ ನಮ್ಮ ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಹಾಗೆ ಹಾಡಿದರೆ ಅವಳಿಗೆ ಊರಲ್ಲಿ ಗುರುವಿನ ಬೆತ್ತದ ಏಟು ಬೀಳುತ್ತಿತ್ತು. ಮಾಹ್‌ರುಖ್ ಅವಳ ಮೊಣಕೈ ಹಿಡಿದು ಕೆಳಗೆ, ಕೆಳಗೆ ಎಂದು ಎಳೆದಳು. ಮೂವತ್ತು ಸಲ ಎಳೆದ ಮೇಲೆ ಆ ಸ್ವರ ಸಿಕ್ಕಿತು. ಸಿಕ್ಕಾಗ ಸಾವಿತ್ರಿಯ ಮೈ ಜುಮ್ಮೆಂದಿತು.

“ಖೂಬ್,” ಎಂದಳು ಮಾಹ್‌ರುಖ್. ಚೆನ್ನಾಗಿದೆ ಎಂದು ಬಾನೂಬೆನ್ ಹೇಳಬೇಕಾಗಲಿಲ್ಲ.

ಸಂಜೆ ಸ್ಕೂಲಿನಿಂದ ಬಂದ ಮಗಳು ವರ್ಷಿಣಿ ಬಾಗಿಲಲ್ಲೇ ನಿಂತು ಕೇಳಿದಳು. “ಮಮ್ಮಿ, ಯೂ ಸೌಂಡ್ ಸೋ ಸ್ಯಾಡ್. ಇವರು ಫೇಮಸ್ ಇದ್ದಾರಾ?”

ಬಾನೂಬೆನ್ ಕೇಳಿ ಹೇಳಿದಳು. ಫೇಮಸ್ಸೇ. ಕೆರ್ಮಾನ್ ಊರಿನ ಜಮಖಾನೆ ವ್ಯಾಪಾರಿಯ ಮಗಳು. ಒಂಬತ್ತು ವರ್ಷಕ್ಕೆ ರೇಡಿಯೋದಲ್ಲಿ ಹಾಡಿದಳು. ಇಪ್ಪತ್ತೆರಡಕ್ಕೆ ತೆಹರಾನಿನ ಒಂದೊಂದು ಟ್ಯಾಕ್ಸಿಯಲ್ಲೂ ಅವಳದೇ ಕ್ಯಾಸೆಟ್ಟು. ನಾಲ್ಕು ರೆಕಾರ್ಡು, ಕ್ಯಾಲೆಂಡರಿನಲ್ಲಿ ಪಟ. ಇಪ್ಪತ್ತೊಂಬತ್ತಾಗಿದ್ದಾಗ ದೇಶದಲ್ಲಿ ರಾಜ್ಯ ಬದಲಾಯಿತು, ಹೆಂಗಸರ ಹಾಡು ನಿಂತಿತು. ಜೊತೆಯವರೆಲ್ಲ ಅಮೆರಿಕಕ್ಕೆ ಓಡಿದರು. ಇವಳು ಹೋಗಲಿಲ್ಲ. ಕೆರ್ಮಾನಿನ ಮನೆಯ ನೆಲಮಾಳಿಗೆಯ ಗೋಡೆಗೆಲ್ಲ ಅಪ್ಪನ ಜಮಖಾನೆ ಹೊಡೆದು, ಸದ್ದು ಹೊರಗೆ ಹೋಗದಂತೆ ಮಾಡಿ, ಹೆಣ್ಣುಮಕ್ಕಳಿಗೆ ಪಾಠ ಹೇಳಿದಳು.

“ಯಾಕ ಹೋಗಲಿಲ್ಲ?” ಎಂದಳು ಸಾವಿತ್ರಿ.

ಮಾಹ್‌ರುಖ್ ನಕ್ಕಳು. ಬಾನೂಬೆನ್ ಕನ್ನಡಿಗರಿಗೆ ಅರ್ಥವಾಗುವ ಹಿಂದಿಯಲ್ಲಿ ಇಳಿಸಿದಳು: “ಅಲ್ಲಿ ನನ್ನ ಹಾಡಿಗೆ ಯಾರು ಅಳುತ್ತಾರೆ ಅನ್ನುತ್ತಾಳೆ.”

ಭಾನುವಾರ ವಡೋದರಾದ ಸಭಾಂಗಣ ಸಂಜೆ ಆರಕ್ಕೇ ತುಂಬಿತ್ತು. ವೇದಿಕೆಯ ಎದುರಿಗೆ, ಮೊದಲ ಸಾಲಿನ ಪಕ್ಕದಲ್ಲಿ ಮೂರು ಕಾಲಿನ ಮೇಲೆ ಕ್ಯಾಮೆರಾ. ಅದರ ಹಿಂದೆ, ಕಾವಲಿಗೆಂದು ಅಲ್ಲಿಂದ ಕಳಿಸಿದ್ದ ರಹ್ಮತಿ. ಸಾವಿತ್ರಿ ಅವನನ್ನು ಯಮದೂತನ ಹಾಗೆ ಊಹಿಸಿಕೊಂಡಿದ್ದಳು. ನೋಡಿದರೆ ಬೋಳುತಲೆಯ, ಮೆತ್ತಗಿನ ಮಾತಿನ, ಗುಜರಾತಿ ಊಟದ ಸಿಹಿಬೇಳೆಗೆ ಹೆದರಿ ಮೂರು ಹೊತ್ತೂ ಮೊಸರನ್ನ ತಿನ್ನುವ ಮನುಷ್ಯ. ಅವಳಿಗೆ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ನಮಸ್ಕಾರ ಮಾಡಿದ. ಅದರಿಂದ ಅವಳ ಹೆದರಿಕೆ ಹೆಚ್ಚೇ ಆಯಿತು.

ಮೊದಲೆರಡು ಹಾಡು ಸರಿಯಾಗಿ ಹೋದವು. ಮೂರನೆಯದರಲ್ಲಿ ಎಡವಟ್ಟಾಯಿತು.

ಹಾಡಿನ ನಡುವೆ ಮಾಹ್‌ರುಖ್ ಮೇಲಿನ ಷಡ್ಜಕ್ಕೆ ಏರಿ ಅಲ್ಲಿಂದ ದನಿಯನ್ನು ಒಡೆದು ಒಡೆದು, ಮಣಿ ಉದುರಿಸಿದಂತೆ ಇಳಿಯುವ ಒಂದು ಜಾಗವಿತ್ತು. ತಾಲೀಮಿನಲ್ಲಿ ಇಬ್ಬರೂ ಇಳಿದಿದ್ದರು. ಇಂದು ಮಾಹ್‌ರುಖ್ ಏರಿದಳು. ಸಾವಿತ್ರಿ ಬಾಯಿ ಮುಚ್ಚಿದಳು.

ಬೇಕೆಂದು ಮುಚ್ಚಿದ್ದಲ್ಲ. ನಮ್ಮ ಕಡೆ ಗುರುವಿನ ಹಿಂದೆ ತಂಬೂರಿ ಹಿಡಿದು ಕೂತವರಿಗೆ ಇದು ರಕ್ತದಲ್ಲೇ ಇಳಿದಿರುತ್ತದೆ. ಗುರು ಉಸಿರು ತೆಗೆದುಕೊಳ್ಳುವಾಗ ನೀನು ತುಂಬಿಸು. ಗುರು ಏರಿದಾಗ ಸುಮ್ಮನಿರು. ಹದಿನಾರನೇ ವಯಸ್ಸಿನಲ್ಲಿ ಹುಬ್ಬಳ್ಳಿಯ ಒಂದು ಕಛೇರಿಯಲ್ಲಿ ಸಾವಿತ್ರಿ ಅನಸೂಯಬಾಯಿಯ ತಾನದ ಮೇಲೆ ತನ್ನ ದನಿ ಹಾಕಿದ್ದಳು. ಆಯಮ್ಮ ಹಾಡು ನಿಲ್ಲಿಸಿ, ಇವಳು ಒಬ್ಬಳೇ ತೊದಲಿ ಸುಮ್ಮನಾಗುವವರೆಗೆ ಕಾದು, ಮೈಕಿನಲ್ಲೇ “ಮುಗೀತೇನವ್ವಾ ನಿನ್ನ ಕಛೇರಿ?” ಎಂದು ಕೇಳಿದ್ದಳು. ಐನೂರು ಜನ ನಕ್ಕಿದ್ದರು. ಅಂದಿನಿಂದ ಮುಂದೆ ಕೂತವರು ಮೇಲಕ್ಕೆ ಏರಿದರೆ ಸಾವಿತ್ರಿಯ ಗಂಟಲು ತಾನೇ ಬಾಗಿಲು ಹಾಕಿಕೊಳ್ಳುತ್ತಿತ್ತು.

ಹಿಂದೆ ಕೂತು ದಫ್ ಎಂಬ ತಮಟೆ ಬಾರಿಸುವವನು ಕಣ್ಣು ಅಗಲಿಸಿದಾಗ ಅವಳಿಗೆ ಎಚ್ಚರವಾಯಿತು. ಗಬಕ್ಕನೆ ದನಿ ಸೇರಿಸಿದಳು. ಉಳಿದ ಹಾಡುಗಳನ್ನು ಹೇಗೆ ಹಾಡಿದಳೋ ಅವಳಿಗೇ ಗೊತ್ತಿಲ್ಲ. ಸೀರೆಯ ಬೆನ್ನೆಲ್ಲ ಒದ್ದೆ.

ಕಾರ್ಯಕ್ರಮ ಮುಗಿದ ಮೇಲೆ ರಹ್ಮತಿ ಒಳಗೆ ಬಂದ. ಕೈಯಲ್ಲಿ ಸಣ್ಣ ಪುಸ್ತಕ. ಮಾತು ಮೆತ್ತಗೇ ಇತ್ತು. ಬಾನೂಬೆನ್ ಒಂದೊಂದೇ ವಾಕ್ಯವನ್ನು ಹಿಂದಿ ಮಾಡಿದಳು.

“ಹನ್ನೊಂದು ಸೆಕೆಂಡು. ಮೈಕು ಕೆಟ್ಟಿತ್ತು ಅಂತ ಬರೆಯುತ್ತೇನೆ. ಒಂದು ಸಲ ಮೈಕು ಕೆಡಬಹುದು. ಸೂರತ್‌ನಲ್ಲೂ ಕೆಟ್ಟರೆ ಯಾರೂ ನಂಬುವುದಿಲ್ಲ.”

“ಟೇಪು ಯಾಕ ಬೇಕು ಇವಂಗ? ಸುಟ್ಟು ಹಾಕಲಿ!” ಎಂದಳು ಸಾವಿತ್ರಿ. ಸಿಟ್ಟು ತನ್ನ ಮೇಲೇ ಇತ್ತು. ಬಿದ್ದದ್ದು ಅವನ ಮೇಲೆ.

ಬಾನೂಬೆನ್ ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಿರಬೇಕು. ರಹ್ಮತಿ ತಲೆಯಾಡಿಸಿದ.

“ಟೇಪು ಇಲ್ಲದಿದ್ದರೆ ಯಾರು ಏನು ಬೇಕಾದರೂ ಹೇಳಬಹುದು. ಸಭೆಯಲ್ಲಿ ಯಾರೋ ಒಬ್ಬ ಕೂತಿರುತ್ತಾನೆ, ಅವಳು ಒಬ್ಬಳೇ ಹಾಡಿದಳು ಅಂತ ಒಂದು ಚೀಟಿ ಬರೆಯುತ್ತಾನೆ. ಶುದ್ಧವಾದ ಟೇಪು ಇದ್ದರೆ ನಾನು ಮೇಜಿನ ಮೇಲೆ ಇಡುತ್ತೇನೆ, ಮಾತು ಮುಗಿಯುತ್ತದೆ. ನಾನು ಸೈನ್ಯದಲ್ಲಿದ್ದಾಗ ಇವರ ಕ್ಯಾಸೆಟ್ಟು ಸವೆಯುವವರೆಗೆ ಕೇಳಿದವನು ಖಾನುಮ್. ನನಗೆ ಶುದ್ಧವಾದ ಟೇಪು ಕೊಡಿ.”

ಅವನು ಹೋದ ಮೇಲೆ ಸಾವಿತ್ರಿ ಮಾಹ್‌ರುಖ್‌ನ ಮುಂದೆ ಕೈಮುಗಿದು ನಿಂತಳು. ಮಾಹ್‌ರುಖ್ ಬಯ್ಯಲಿಲ್ಲ. ಯಾಕೆ ನಿಂತೆ ಎಂದಷ್ಟೇ ಕೇಳಿದಳು. ಸಾವಿತ್ರಿ ಗುರುವಿನ ಕತೆ ಹೇಳಿದಳು. ಬಾನೂಬೆನ್ ಮೈಕಿನ ಮಾತನ್ನು ಹೇಳುವಾಗ ತಾನೇ ನಕ್ಕಳು. ಮಾಹ್‌ರುಖ್ ನಗಲಿಲ್ಲ.

“ಹನ್ನೆರಡು ವರ್ಷ ಅವಳಿಗಾಗಿ ಸುಮ್ಮನಿದ್ದೆಯಾ?” ಎಂದಳು.

“ಹೂಂ ರೀ. ಅದೇ ನಮ್ಮಲ್ಲಿ ಮರ್ಯಾದಿ.”

ಮಾಹ್‌ರುಖ್ ಪಾರಸಿಯಲ್ಲಿ ಏನೋ ಗೊಣಗಿದಳು. ಏನಂದಳು ಎಂದು ಕೇಳಿದರೆ ಬಾನೂಬೆನ್ ಕೈಚೀಲ ಹುಡುಕುತ್ತ, “ಅದೃಷ್ಟವಂತೆ ನಿನ್ನ ಗುರು ಅಂದಳು, ನಡಿ ನಡಿ,” ಎಂದಳು.

ಸೋಮವಾರ ಬೆಳಿಗ್ಗೆ ಸೂರತ್‌ಗೆ ರೈಲು. ಸಾವಿತ್ರಿಗೆ ರಾತ್ರಿಯೆಲ್ಲ ನಿದ್ದೆಯಿರಲಿಲ್ಲ. ಸ್ಟೇಷನ್ನಿನ ಬೂತಿನಿಂದ ಮನೆಗೆ ಫೋನು ಮಾಡಿದಳು. ಬಾಲಚಂದ್ರ ಎತ್ತಿದ.

“ನಸ್ರೀನ್‌ಗ ಹೆಂಗೈತಿ?”

“ಜ್ವರ ಇಳಿದೈತಿ. ವರ್ಷಿಣಿ ಗಂಜಿ ತಗೊಂಡು ಹೋಗಿದ್ಲು. ನಿಂದು ಹೆಂಗಾತು?”

“ಚಲೋ ಆತು.”

“ಸುಳ್ಳ ಹೇಳಬ್ಯಾಡ. ದನಿ ನಡುಗಾಕತ್ತೈತಿ.”

“ಹನ್ನೊಂದು ಸೆಕೆಂಡು ಬಾಯಿ ಮುಚ್ಚಿದ್ನಿರಿ.”

“ಇಪ್ಪತ್ತು ವರ್ಷದ ಸಂಸಾರದಾಗ ಒಂದಿನಾ ಮುಚ್ಚಲಿಲ್ಲ,” ಎಂದ ಬಾಲಚಂದ್ರ. ಬೇರೆ ದಿನವಾಗಿದ್ದರೆ ಅವಳು ಫೋನಿನಲ್ಲೇ ಜಗಳ ತೆಗೆಯುತ್ತಿದ್ದಳು. ಇಂದು ಕಣ್ಣಲ್ಲಿ ನೀರು ಬಂತು. “ನಾಳೆ ಸಂಜೀ ತನಕ ಧೈರ್ಯ ಹಿಡಿ,” ಎಂದ ಅವನು. “ದನಿ ಬಿಡಬ್ಯಾಡ. ಬೇಸೂರ ಆದ್ರೂ ಆಗಲಿ.”

ರೈಲಿನಲ್ಲಿ ಮಾಹ್‌ರುಖ್ ಕಿಟಕಿಯ ಪಕ್ಕ ಕೂತಿದ್ದಳು. ಭರೂಚಿನಲ್ಲಿ ಬಾನೂಬೆನ್ ಹುರಿದ ಶೇಂಗಾ ಕೊಂಡು ಎಲ್ಲರ ಕೈಗೂ ಸುರಿದಳು. ನರ್ಮದೆಯ ಸೇತುವೆಯ ಮೇಲೆ ರೈಲು ಗಡಗಡ ಎನ್ನುವಾಗ ಮಾಹ್‌ರುಖ್ ತಾನಾಗಿಯೇ ಮಾತು ತೆಗೆದಳು.

“ತೆಹರಾನಿಗೆ ಹೋದರೆ ಟ್ಯಾಕ್ಸಿಯಲ್ಲಿ ನಾನು ಮಾತಾಡುತ್ತಿರಲಿಲ್ಲ. ಹೋಗಬೇಕಾದ ಜಾಗವನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ. ಮುಖ ಯಾರಿಗೂ ನೆನಪಿಲ್ಲ, ದನಿ ನೆನಪಿದೆ. ಒಂದು ಸಲ ಮರೆತು, ಇಲ್ಲೇ ನಿಲ್ಲಿಸಪ್ಪ ಅಂದುಬಿಟ್ಟೆ. ಡ್ರೈವರು ನಿಲ್ಲಿಸಲಿಲ್ಲ. ಅದೇ ವೃತ್ತವನ್ನು ಮೂರು ಸುತ್ತು ಹೊಡೆದ. ಅಳುತ್ತಿದ್ದ. ಖಾನುಮ್, ಇನ್ನೊಂದು ಮಾತಾಡಿ, ಏನಾದರೂ ಸರಿ, ತರಕಾರಿ ರೇಟಾದರೂ ಹೇಳಿ ಅಂದ.”

“ನೀವು ಏನ್ ಹೇಳಿದ್ರಿ?”

“ಬದನೆಕಾಯಿ ತುಟ್ಟಿಯಾಗಿದೆ ಅಂದೆ.”

ಎಲ್ಲರೂ ನಕ್ಕರು. ಆಚೆ ಸೀಟಿನಲ್ಲಿ ಕ್ಯಾಮೆರಾದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ರಹ್ಮತಿಯೂ ನಕ್ಕ. ನಗು ನಿಂತ ಮೇಲೆ ಮಾಹ್‌ರುಖ್ ರೋಯಾ ಎಂಬ ಹುಡುಗಿಯ ವಿಷಯ ಹೇಳಿದಳು. ಬಾಮ್‌ನಿಂದ ಪ್ರತಿ ಗುರುವಾರ ಮೂರು ತಾಸು ಬಸ್ಸಿನಲ್ಲಿ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದವಳು. ಹತ್ತೊಂಬತ್ತು ವರ್ಷ. ಮೂವತ್ತು ಜನರಲ್ಲಿ ಅವಳದೊಂದೇ ದನಿ ತನ್ನ ದನಿಗಿಂತ ದೊಡ್ಡದಾಗುತ್ತಿತ್ತು. ಭೂಕಂಪ ಬಂದದ್ದು ಶುಕ್ರವಾರ ಬೆಳಗಿನ ಜಾವ. ಹಿಂದಿನ ದಿನ ಪಾಠ ಮುಗಿದಾಗ ಚಳಿಯಿತ್ತು. ಇಲ್ಲೇ ಉಳಿದುಕೋ ಎಂದು ಇವಳು ಹೇಳಿದ್ದಳು. ಅಮ್ಮ ಕಾಯುತ್ತಾಳೆ ಎಂದು ಹುಡುಗಿ ಹೋಗಿಬಿಟ್ಟಳು.

“ಕೊನೆಯ ಹಾಡು, ಆ ಜೋಗುಳ, ಅವಳಿಗೆ ಹೇಳಿಕೊಟ್ಟದ್ದು,” ಎಂದು ಬಾನೂಬೆನ್ ಹೇಳಿದಳು. ಆಕೆಯ ಹಿಂದಿಯೂ ತಡವರಿಸಿತು.

ಸೂರತ್‌ನ ಅಡಾಜಣ್ ಬಡಾವಣೆಯಲ್ಲಿರುವ ಬಾನೂಬೆನ್ನಿನ ತಂಗಿಯ ಫ್ಲ್ಯಾಟಿನಲ್ಲಿ ಇಳಿದುಕೊಂಡರು. ಸೋಮವಾರ ಮಧ್ಯಾಹ್ನ, ಮಂಗಳವಾರ ಬೆಳಿಗ್ಗೆ, ಎರಡೂ ಹೊತ್ತು ಸಾವಿತ್ರಿ ತಾಲೀಮು ಬಿಡಲಿಲ್ಲ. ಮಾಹ್‌ರುಖ್ ಸಾಕೆಂದರೂ ಬಿಡಲಿಲ್ಲ. ತನ್ನ ಗಂಟಲನ್ನು ಎತ್ತು ಪಳಗಿಸುವಂತೆ ಪಳಗಿಸಿದಳು. ಏರುವ ಜಾಗ ಬಂದಾಗಲೆಲ್ಲ ತೊಡೆಯನ್ನು ತಾನೇ ಚಿವುಟಿಕೊಂಡು ದನಿ ಎತ್ತುತ್ತಿದ್ದಳು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ತೊಡೆ ನೀಲಿಗಟ್ಟಿತ್ತು, ದನಿ ನಿಲ್ಲುತ್ತಿರಲಿಲ್ಲ. ಊಟ ಮಾತ್ರ ಇಳಿಯಲಿಲ್ಲ. ಬಾನೂಬೆನ್ನಿನ ತಂಗಿ ತಟ್ಟೆಗೆ ಊಂಧಿಯು ಪಲ್ಯ ಬಡಿಸಿ ಬಡಿಸಿ ಸೋತಳು.

ಸಂಜೆ ಆರೂವರೆಗೆ ಪರದೆ ಎದ್ದಿತು. ಎಂಟುನೂರು ಜನ. ಬಟ್ಟೆ ವ್ಯಾಪಾರಿಗಳು, ಪಾರ್ಸಿ ಮುದುಕರು, ಕಾಲೇಜು ಹುಡುಗರು, ಕುರ್ಚಿ ಸಿಗದೆ ಗೋಡೆಗೆ ಒರಗಿದವರು. ಎಡಕ್ಕೆ ಕ್ಯಾಮೆರಾದ ಕೆಂಪು ಚುಕ್ಕೆ.

ಒಂದು, ಎರಡು, ಮೂರು. ಮೂರನೆಯ ಹಾಡಿನ ಆ ಏರು ಬಂತು. ಸಾವಿತ್ರಿ ಏರಿದಳು, ಜೊತೆಗೇ ಇಳಿದಳು. ನಾಲ್ಕು, ಐದು. ರಹ್ಮತಿ ಪುಸ್ತಕ ಮುಚ್ಚಿ ಜೇಬಿಗಿಟ್ಟದ್ದು ಕಾಣಿಸಿತು. ಇನ್ನೊಂದೇ ಉಳಿದದ್ದು, ಜೋಗುಳ. ಸಣ್ಣ ಹಾಡು. ಏರಿಲ್ಲ, ಇಳಿತವಿಲ್ಲ. ಗೆದ್ದೆ ಎಂದುಕೊಂಡಳು ಸಾವಿತ್ರಿ.

ಇಬ್ಬರೂ ಜೋಗುಳದ ನಾಲ್ಕು ಸಾಲು ಹಾಡಿದರು. ಮುಗಿಸಬೇಕಾದ ಜಾಗದಲ್ಲಿ ಮಾಹ್‌ರುಖ್ ಮುಗಿಸಲಿಲ್ಲ. ಸೆತಾರ್ ಮೀಟುವುದನ್ನು ನಿಲ್ಲಿಸಿದಳು. ತಾರ್ ಎಂಬ ದೊಡ್ಡ ತಂತಿವಾದ್ಯ ನುಡಿಸುವವನಿಗೂ ಕಣ್ಣಿನಲ್ಲೇ ನಿಲ್ಲು ಎಂದಳು. ಆಮೇಲೆ ಪಕ್ಕಕ್ಕೆ ಬಾಗಿ ಸಾವಿತ್ರಿಯ ಮಂಡಿಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿದಳು.

ಆ ಒತ್ತಿಗೆ ಪಾರಸಿ ಬೇಕಿರಲಿಲ್ಲ. ಇಟ್ಟಲ್ಲೇ ಇರು, ಬಾಯಿ ತೆರೆಯಬೇಡ ಎಂದು ಅನಸೂಯಬಾಯಿಯೂ ಹೀಗೆಯೇ ಒತ್ತುತ್ತಿದ್ದಳು.

ಸಾವಿತ್ರಿಗೆ ಒಂದು ಗಳಿಗೆಯಲ್ಲಿ ಎಲ್ಲ ತಿಳಿಯಿತು. ಈಕೆ ಒಬ್ಬಳೇ ಹಾಡುವವಳಿದ್ದಾಳೆ. ತಿಳಿದೇ ಹಾಡುವವಳಿದ್ದಾಳೆ. ರೈಲಿನಲ್ಲೋ, ವಡೋದರಾದಲ್ಲೋ, ಎಂದೋ ತೀರ್ಮಾನ ಮಾಡಿಯಾಗಿದೆ. ಇಪ್ಪತ್ತೈದು ವರ್ಷ ಬಿಗಿಹಿಡಿದದ್ದನ್ನು ಈ ಊರಿನ ಎಂಟುನೂರು ಜನರ ಮುಂದೆ, ಸತ್ತ ಹುಡುಗಿಯ ಹೆಸರಿನಲ್ಲಿ ಬಿಟ್ಟುಬಿಡುವವಳಿದ್ದಾಳೆ.

ಮಾಹ್‌ರುಖ್ ದನಿ ತೆಗೆದಳು. ಸಭೆಯಲ್ಲಿ ಯಾರೋ ಆಹ್ ಎಂದರು. ಒಂದು ಸೆಕೆಂಡು, ಎರಡು ಸೆಕೆಂಡು. ಸಾವಿತ್ರಿ ತನ್ನ ಜನ್ಮದಲ್ಲಿ ಅಂಥ ದನಿ ಕೇಳಿರಲಿಲ್ಲ. ಆ ನಡುವಿನ ಗಾಂಧಾರದ ಮೇಲೆ ನಿಂತು ಅದು ನಿಧಾನವಾಗಿ ಅರಳುತ್ತಿತ್ತು. ಮೂರು, ನಾಲ್ಕು. ಸಾವಿತ್ರಿಯ ಗಂಟಲು ಬಾಗಿಲು ಹಾಕಿಕೊಂಡೇ ಇತ್ತು, ಹೂವಿನ ಮೇಲೆ ಕಾಲಿಡಲು ಹಿಂಜರಿದಂತೆ. ಕೆಂಪು ಚುಕ್ಕೆ ಉರಿಯುತ್ತಿತ್ತು. ರಹ್ಮತಿ ಜೇಬಿನಿಂದ ಪುಸ್ತಕ ತೆಗೆಯಲಿಲ್ಲ. ಎರಡೂ ಕೈಯಲ್ಲಿ ತನ್ನ ತಲೆ ಹಿಡಿದುಕೊಂಡಿದ್ದ. ಐದು.

ಮೂವತ್ತು ಹುಡುಗಿಯರು, ಅಂದುಕೊಂಡಳು ಸಾವಿತ್ರಿ. ಗುರುವಾರ ಬಂದು ಬಾಗಿಲು ಬಡಿಯುತ್ತಾರೆ.

ಮಂಡಿಯ ಮೇಲಿನ ಕೈಯನ್ನು ಕಿತ್ತು ಪಕ್ಕಕ್ಕಿಟ್ಟು ಅವಳು ಬಾಯಿ ತೆರೆದಳು. ಮುಂದಿನ ಸ್ವರ ಯಾವುದೆಂದು ಗೊತ್ತಿಲ್ಲ, ಪದ ಗೊತ್ತಿಲ್ಲ. ಮಾಹ್‌ರುಖ್ ತಾಲೀಮಿನ ದಾರಿ ಬಿಟ್ಟು ಎಲ್ಲೋ ಹೋಗಿದ್ದಳು. ಸಾವಿತ್ರಿ ಷಡ್ಜ ಹಿಡಿದಳು. ಆ ಎಂದು, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವವರ ಹಾಗೆ, ಪೂರ್ತಿ ಎದೆಯಿಂದ. ಮಾಹ್‌ರುಖ್ ಏರಿದರೆ ತಾನೂ ಏರಿದಳು, ತಪ್ಪೋ ಒಪ್ಪೋ ನೋಡಲಿಲ್ಲ. ಮಾಹ್‌ರುಖ್ ದನಿ ಸಣ್ಣ ಮಾಡಿದಳು, ಇವಳು ಮಾಡಲಿಲ್ಲ. ಮಾಹ್‌ರುಖ್ ತಿರುಗಿ ನೋಡಿದಳು. ಕಣ್ಣಿನಲ್ಲಿ ಬೆಂಕಿ. ಸಾವಿತ್ರಿ ತನ್ನ ಕಣ್ಣು ಮುಚ್ಚಿಕೊಂಡು ಹಾಡಿದಳು.

“ಅರೆ, ಚೂಪ್ ಕರೋನೆ!” ಬಾಯಿ ಮುಚ್ಚಮ್ಮ ಎಂದು ಸಭೆಯ ನಡುವಿನಿಂದ ಒಬ್ಬ ಗುಜರಾತಿಯಲ್ಲಿ ಕೂಗಿದ. ಇನ್ಯಾರೋ ಶಿಳ್ಳೆ ಹಾಕಿದರು. ಮುಂದಿನ ಸಾಲಿನ ಪಾರ್ಸಿ ಮುದುಕಿಯೊಬ್ಬಳು ಕಿವಿ ಮುಚ್ಚಿಕೊಂಡಳು. ಸಾವಿತ್ರಿ ನಿಲ್ಲಿಸಲಿಲ್ಲ. ಹಾಡು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗಲಿಲ್ಲ. ಅರ್ಧ ದಾರಿಯಲ್ಲಿ ಮಾಹ್‌ರುಖ್ ಅದನ್ನು ಕೆಳಗಿಳಿಸಿ, ಗೊತ್ತಿದ್ದ ಸಾಲಿಗೆ ತಂದು, ಮುಗಿಸಿಬಿಟ್ಟಳು.

ಚಪ್ಪಾಳೆ ಬಿತ್ತು. ಬಿದ್ದದ್ದು ಯಾರಿಗೆ ಎಂಬುದು ಸ್ಪಷ್ಟವಿತ್ತು.

ಒಳಗಿನ ಕೋಣೆಯಲ್ಲಿ ಮಾಹ್‌ರುಖ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ರಹ್ಮತಿ ಬಾಗಿಲಲ್ಲಿ ಕಾಣಿಸಿಕೊಂಡ. ಮುಖ ಬಿಳಚಿತ್ತು.

“ಐದು ಸೆಕೆಂಡು,” ಎಂದ. “ಐದು ಸೆಕೆಂಡನ್ನು ಉಸಿರು ಅನ್ನಬಹುದು. ನಾನು ಉಸಿರು ಅಂತಲೇ ಬರೆಯುತ್ತೇನೆ.” ಸಾವಿತ್ರಿಯ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು, ಮಾಹ್‌ರುಖ್‌ನ ಬೆನ್ನು ನೋಡಿ, ಹೊರಟುಹೋದ.

ಬಾನೂಬೆನ್ ಬಾಗಿಲು ಹಾಕಿದಳು. ಮಾಹ್‌ರುಖ್ ತಿರುಗಿದಳು. ಅವಳ ಮಾತು ಎಷ್ಟು ಬಿರುಸಾಗಿ ಬಂತೆಂದರೆ ಬಾನೂಬೆನ್ ಹಿಂದೆ ಬಿದ್ದು, ಎರಡು ಸಲ ತಡೆಯಬೇಕಾಯಿತು.

“ನನ್ನ ಮನೆ, ನನ್ನ ಕಾಗದ, ನನ್ನ ಹುಡುಗಿಯರು. ತೀರ್ಮಾನ ಮಾಡೋಕೆ ನೀನು ಯಾರು ಅಂತ ಕೇಳುತ್ತಿದ್ದಾಳೆ. ನಾನು ಮಗುವಲ್ಲ. ಏನಾಗುತ್ತೆ ಅಂತ ನಿನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಮಂಡಿ ಒತ್ತಿದೆ. ಗುರುವಿಗಾಗಿ ಹನ್ನೆರಡು ವರ್ಷ ಸುಮ್ಮನಿದ್ದವಳು ನನಗಾಗಿ ಒಂದು ಹಾಡು ಸುಮ್ಮನಿರೋಕೆ ಆಗಲಿಲ್ಲವಾ?”

ಸಾವಿತ್ರಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

“ಹೇಳ್ರಿ ಅಕಿಗೆ. ಸತ್ತ ಹುಡುಗಿಗಾಗಿ ಹಾಡಾಕ ಹೋಗಿ ಬದುಕಿರೋ ಮೂವತ್ತು ಹುಡುಗ್ಯಾರ ಬಾಯಿಗೆ ಮಣ್ಣ ಹಾಕತಿದ್ಲು. ಅವರನ್ನ ಕೇಳಿದ್ಲೇನು? ನನ್ನ ಮಂಡಿ ಒತ್ತಿ ನನ್ನ ಕೈಲೆ ಮಾಡಸ್ತೀನಿ ಅಂದ್ಲಲ್ಲ, ನನ್ನ ಕೇಳಿದ್ಲೇನು?”

ಬಾನೂಬೆನ್ ಹೇಳಿದಳು. ಈ ಸಲ ಮೆತ್ತಗೆ ಮಾಡಲಿಲ್ಲ ಎಂಬುದು ಮಾಹ್‌ರುಖ್‌ನ ಮುಖದಲ್ಲೇ ತಿಳಿಯಿತು. ಅವಳು ಕುರ್ಚಿಯ ಮೇಲೆ ಕುಸಿದಳು. ತಲೆಯ ವಸ್ತ್ರ ಜಾರಿತು. ಕೂದಲು ಪೂರ್ತಿ ಬೆಳ್ಳಗಿತ್ತು. ಹೊರಗೆ ಕುರ್ಚಿಗಳನ್ನು ಎತ್ತಿ ಒಂದರ ಮೇಲೊಂದು ಹಾಕುವ ಸದ್ದು ಬಹಳ ಹೊತ್ತು ಕೇಳಿಸಿತು.

ಸಾವಿತ್ರಿಯ ಸಿಟ್ಟು ಹೇಗೆ ಬಂತೋ ಹಾಗೇ ಇಳಿಯಿತು. ಹೋಗಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

“ಬಾನೂಬೆನ್, ಇಲ್ಲಿ ಬರೇ ಹೆಣ್ಣಮಕ್ಕಳದೀವಿ. ಹೆಣ್ಣಮಕ್ಕಳ ಮುಂದ ಒಬ್ಬಾಕಿನೇ ಹಾಡಬಹುದಲ್ಲ? ಈಗ ಹಾಡ್ಲಿ ಅನ್ರಿ. ಪೂರ್ತಿ ಹಾಡ್ಲಿ. ನಾ ಉಸರೂ ಬಿಡಂಗಿಲ್ಲ.”

ಮಾಹ್‌ರುಖ್ ಅದನ್ನು ಕೇಳಿ ಅವಳನ್ನು ನೋಡಿದಳು. ಆ ನೋಟದಲ್ಲಿ ಬೆಂಕಿಯಿರಲಿಲ್ಲ, ಸ್ನೇಹವೂ ಇರಲಿಲ್ಲ.

“ಬಾಗಿಲು ಹಾಕಿಕೊಂಡು ಹೆಂಗಸರಿಗೆ ಹಾಡುವುದು ನನಗೆ ಬರುತ್ತದೆ ಸಾವಿತ್ರಿ ಖಾನುಮ್. ಇಪ್ಪತ್ತೈದು ವರ್ಷ ಅದನ್ನೇ ಮಾಡಿದ್ದೇನೆ,” ಎಂದು, ಸೆತಾರನ್ನು ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದಳು.

ಮರುದಿನ ಬೆಳಿಗ್ಗೆ ಇರಾನಿನವರು ಅಹಮದಾಬಾದಿಗೆ ಕಾರಿನಲ್ಲಿ ಹೋಗಿ ನಸ್ರೀನಳನ್ನು ಕರೆದುಕೊಂಡು, ಅಲ್ಲಿಂದಲೇ ವಿಮಾನ ಹಿಡಿದರು. ಸಾವಿತ್ರಿ ಬೇರೆಯಾಗಿ ರೈಲಿನಲ್ಲಿ ಬಂದಳು. ಹೊರಡುವಾಗ ಮಾಹ್‌ರುಖ್ ಬಾನೂಬೆನ್ನಿನ ತಂಗಿಯನ್ನು ತಬ್ಬಿಕೊಂಡಳು, ಸಾವಿತ್ರಿಗೆ ತಲೆಬಾಗಿ ವಂದಿಸಿದಳು. ಅಷ್ಟೇ.

ಮೂರು ವಾರ ಸಾವಿತ್ರಿ ಮನೆಯಲ್ಲಿ ಹಾರ್ಮೋನಿಯಂ ತೆಗೆಯಲಿಲ್ಲ. ಫೋನು ಬಡಿದರೆ ಓಡಿಹೋಗಿ ಎತ್ತುತ್ತಿದ್ದಳು. ಐದು ಸೆಕೆಂಡನ್ನು ಅಲ್ಲಿ ಯಾರಾದರೂ ಉಸಿರು ಎಂದು ಒಪ್ಪದಿದ್ದರೆ? ಲಿಫ್ಟು ರಿಪೇರಿಯಾಯಿತು, ಮತ್ತೆ ಕೆಟ್ಟಿತು.

ಮಾರ್ಚಿನಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಬಾನೂಬೆನ್ನಿನ ಫೋನು ಬಂತು.

“ಕೆರ್ಮಾನಿಗೆ ಮಾತಾಡಿದೆ ಬೇನ್. ಟೇಪು ನೋಡಿದರಂತೆ. ಒಪ್ಪಿದರಂತೆ. ನಿನ್ನೆ ಗುರುವಾರ ಪಾಠ ನಡೆಯಿತು. ಬಾಮ್‌ನಿಂದ, ಟೆಂಟಿನಲ್ಲಿರುವ ಇಬ್ಬರು ಹುಡುಗಿಯರು ಹೊಸದಾಗಿ ಸೇರಿದ್ದಾರೆ.”

ಸಾವಿತ್ರಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

“ನನ್ನ ಬಗ್ಗೆ ಏನರ ಅಂದ್ಲೇನು?”

“ಇಲ್ಲ.”

“ಒಂದು ಮಾತೂ?”

“ಸುಳ್ಳು ಹೇಳಲಾ?” ಎಂದಳು ಬಾನೂಬೆನ್. “ನಾನೇ ನಿನ್ನ ಹೆಸರು ತೆಗೆದೆ. ಆ ಕಡೆ ಹುಡುಗಿಯರು ಹಾಡುತ್ತಿದ್ದರು, ಅವರಿಗೆ ಏನೋ ಬೈದಳು, ನನ್ನ ಮಾತು ಕೇಳಿಸಲೇ ಇಲ್ಲ ಅನ್ನುವ ಹಾಗೆ. ಅವಳಿಗೆ ಇನ್ನೂ ಸಿಟ್ಟಿದೆ ಬೇನ್. ಹೋಗುತ್ತೋ ಇಲ್ಲವೋ ಗೊತ್ತಿಲ್ಲ.”

“ಹುಡುಗ್ಯಾರಿಗೆ ಬೈದ್ಲಾ?”

“ಹೌದು, ಚೆನ್ನಾಗಿ ಬೈದಳು.”

“ಬೈಲಿ,” ಎಂದಳು ಸಾವಿತ್ರಿ. “ನನಗೂ ಬೈಲಿ. ಕೂತು ಬೈಲಿ.”

ಫೋನು ಇಟ್ಟಳು. ಒಲೆಯ ಮೇಲೆ ಹಾಲು ಉಕ್ಕಿ ಸ್ಟವ್ವೆಲ್ಲ ಹರಿದಿತ್ತು. ಬಟ್ಟೆ ತಂದು ಒರೆಸತೊಡಗಿದಳು. ಒರೆಸುತ್ತ ಒರೆಸುತ್ತ ಅವಳ ಗಂಟಲಿನಿಂದ ಜೋಗುಳದ ಮೊದಲ ಸಾಲು ಹೊರಟಿತು, ಆ ನಡುವಿನ ಗಾಂಧಾರದವರೆಗೆ ಬಂದಿತು. ಅಲ್ಲಿಂದ ಮುಂದೆ ಮಾಹ್‌ರುಖ್ ಎಲ್ಲಿಗೆ ಹೋಗಬೇಕೆಂದಿದ್ದಳೋ ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.